ಮೋಲ್ಡ್ ಕೋಣೆಯ ಮಗು

ಜನವರಿ ೨೪, ೧೯೬೬. ಸೋಮವಾರ

“ಹಗಲು ಕೊಟ್ಟದ್ದನ್ನು ಇರುಳು ಕಾಪಿಡುವುದು” ಎಂದೋ, “ಇರುಳು ಮಡಿಲಲ್ಲಿಡುವುದು” ಎಂದೋ ಒಂದು ಸಾಲು ಬೆಳಗಿನಿಂದ ತಲೆಯಲ್ಲಿದೆ. ಎಲ್ಲಿ ಓದಿದ್ದು, ಯಾರದು, ಮುಂದಿನ ಸಾಲೇನು, ಒಂದೂ ನೆನಪಿಲ್ಲ. ನೆನಪಾದಷ್ಟೂ ಸುಳ್ಳೆನಿಸುತ್ತದೆ. ಈ ವರ್ಷದ ಇರುಳು ಏನನ್ನು ಕಾಪಿಡುತ್ತಿದೆ? ಮಧ್ಯಾಹ್ನ ಹಿತ್ತಲಿನ ನಲ್ಲಿ ಮುಟ್ಟಿದರೆ ಕೈ ಸುಡುತ್ತದೆ. ಬೆಳಿಗ್ಗೆ ಅದೇ ನಲ್ಲಿ ಮುಟ್ಟಿದರೆ ಬೆರಳು ಸೆಟೆಯುತ್ತದೆ. ಹಗಲು ಕೊಟ್ಟದ್ದನ್ನೆಲ್ಲ ಇರುಳು ಬೀದಿಗೆ ಸುರಿದು ಬರಿಗೈಯಲ್ಲಿ ಬೆಳಗಾಗಿಸುತ್ತಿದೆ. ಆ ಸಾಲು ಬರೆದವರ ಊರಿನಲ್ಲಿ ಮಳೆ ಬಂದಿರಬೇಕು.

ನಮ್ಮಲ್ಲಿ ಮುಂಗಾರೂ ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. ದೀಪಾವಳಿಯಿಂದೀಚೆಗೆ ಒಂದು ಮೋಡವನ್ನು ನಾನು ನೋಡಿಲ್ಲ. ಪುಟ್ಟೇನಹಳ್ಳಿ ಕೆರೆಯ ಅಂಗಳದಲ್ಲಿ ಹುಡುಗರು ಚಿನ್ನಿದಾಂಡು ಆಡುತ್ತಾರಂತೆ.

ಕಾಲೇಜಿನ ಸಾಹಿತ್ಯ ಸಂಘದಲ್ಲಿ ಫೆಬ್ರವರಿಯಲ್ಲಿ ನಾನು ‘ಕಾವ್ಯದಲ್ಲಿ ಋತುಗಳು’ ಎಂದು ಮಾತನಾಡಬೇಕು. ಒಂದು ಪುಟವೂ ಆಗಿಲ್ಲ. ಆಗುವುದಾದರೂ ಹೇಗೆ? ತಮ್ಮ ಅನಂತರಾಮುವಿನ ಮಗಳು ಪಂಕಜ ಹೆತ್ತು ಆಸ್ಪತ್ರೆಯಿಂದ ಬಂದಾಗಿನಿಂದ ಈ ಮನೆ ಮನೆಯಾಗಿ ಉಳಿದಿಲ್ಲ. ಆ ಹೆಣ್ಣುಮಗು ಅಳುತ್ತದೆ. ಅದು ಅತ್ತರೆ ಅದರ ಅಜ್ಜಿ, ತಮ್ಮನ ಹೆಂಡತಿ ಅಮ್ಮಣ್ಣಿ, ಕೂಗಾಡುತ್ತಾಳೆ. ಅವಳು ಕೂಗಾಡಿದರೆ ತಮ್ಮ ಪೇಪರ್ ಹಿಡಿದುಕೊಂಡು ಪಾರ್ಕಿಗೆ ಹೋಗುತ್ತಾನೆ.

ಬಾಣಂತಿಗೆ ನನ್ನ ಕೋಣೆ ಬೇಕೆಂದು ಅಮ್ಮಣ್ಣಿ ಕೇಳಿದ್ದಳು. ಕೊಡುವುದಿಲ್ಲ ಎಂದೆ. ಮನೆಯ ಹಳೆಯ ಭಾಗದಲ್ಲಿ, ಕಲ್ಲಿನ ದಪ್ಪ ಗೋಡೆಯ ನಡುವೆ, ಹೊಂಗೆಮರದ ನೆರಳಿನಲ್ಲಿ ನನ್ನದೆಂದು ಇರುವುದು ಅದೊಂದೇ. ಇಪ್ಪತ್ತು ವರ್ಷ ಸಂಬಳದಲ್ಲಿ ಉಳಿಸಿ ಕೊಂಡ ಪುಸ್ತಕಗಳಿವೆ ಅಲ್ಲಿ. ತಮ್ಮ ಹೋದ ವರ್ಷ ಹಿಂದುಗಡೆ ಕಾಂಕ್ರೀಟಿನ ಮೋಲ್ಡ್ ಹಾಕಿಸಿ ಹೊಸ ಕೋಣೆ ಕಟ್ಟಿಸಿದ್ದಾನಲ್ಲ, ಬಂದವರಿಗೆಲ್ಲ ಕರೆದು ತೋರಿಸುತ್ತಾನಲ್ಲ, ಅದರಲ್ಲಿ ಇರಲಿ. ಇದ್ದಾರೆ. ನ್ಯಾಯವಾಗಿಯೇ ಇದೆ.

ಜನವರಿ ೨೭, ಗುರುವಾರ

ಇವತ್ತು ಮಧ್ಯಾಹ್ನ ತಡೆಯಲಾರದೆ ಎದ್ದು ಹೋದೆ. ಸ್ವಲ್ಪ ಮೆಲ್ಲಗೆ ಅಳಿಸಿ ಎಂದು ಹೇಳುವುದಕ್ಕೆ. ಮೋಲ್ಡ್ ಕೋಣೆಯ ಬಾಗಿಲು ತೆಗೆದರೆ ಮುಖಕ್ಕೆ ಒಲೆ ಬಾಯಿಯ ಉರಿ ಬಡಿದಂತಾಯಿತು. ಒಳಗೆ ಕತ್ತಲೆ. ಕಿಟಕಿಯ ಸಂದಿಗಳಿಗೆಲ್ಲ ಹಳೆ ಸೀರೆಯ ಚೂರು ತುರುಕಿದ್ದಾರೆ. ಮೂಲೆಯಲ್ಲಿ ಸಾಂಬ್ರಾಣಿಯ ಹೊಗೆ. ಪಂಕಜ ತಲೆಗೆ ಬಟ್ಟೆ ಬಿಗಿದುಕೊಂಡು, ಮೇಲೊಂದು ಉಲನ್ ಶಾಲು ಹೊದ್ದು ಕೂತಿದ್ದಳು. ತುಟಿ ಒಡೆದಿತ್ತು. ಮಗುವಿಗೆ ಕುಲಾವಿ, ಅದರ ಮೇಲೆ ಇನ್ನೊಂದು ಟೋಪಿ, ಮೈಗೆ ಎರಡು ಸುತ್ತು ಫ್ಲಾನಲ್. ಮುಖ ಬೀಟ್‌ರೂಟಿನ ಬಣ್ಣ.

ಕಿಟಕಿ ತೆಗೆಯಲು ಹೋದೆ. ಅಮ್ಮಣ್ಣಿ ಅಡ್ಡ ಬಂದಳು.

“ಅತ್ತಿಗೆ, ಮಾಘಮಾಸ ಇದು. ಬಾಣಂತಿ ಕೋಣೆ ಕಿಟಕಿ ತೆಗೀತಾರಾ ಯಾರಾದ್ರೂ?”

“ಮಾಘಮಾಸ ನಿನ್ನ ಪಂಚಾಂಗದಲ್ಲಿದೆ ಅಮ್ಮಣ್ಣಿ. ಈ ಕೋಣೇಲಿ ವೈಶಾಖ ನಡೀತಿದೆ.”

“ನಾಲ್ಕು ಹೆತ್ತಿದೀನಿ ನಾನು. ನೀವು ಎಮ್ಮೆ ಮಾಡ್ಕೊಂಡಿದೀರ, ಸರಿ. ಅದು ಕಾಲೇಜಿನಲ್ಲಿಟ್ಕೊಳಿ.”

ಎಂ.ಎ. ಎನ್ನುವುದನ್ನು ಎಮ್ಮೆ ಎಂದು ಅವಳು ಬೇಕೆಂದೇ ಹೇಳುತ್ತಾಳೆ, ಇಪ್ಪತ್ತೈದು ವರ್ಷದಿಂದ. ಪಂಕಜ ನೆಲ ನೋಡುತ್ತಿದ್ದಳು. ಸಂಜೆ ತಮ್ಮನನ್ನು ಹಿಡಿದು ಕೇಳಿದೆ. “ಅಕ್ಕ, ಅದೆಲ್ಲ ಹೆಂಗಸರ ವಿಷಯ, ನನ್ನನ್ನ ಎಳೀಬೇಡ” ಎಂದು ಚಪ್ಪಲಿ ಮೆಟ್ಟಿ ಹೋದ. ಹೆಂಗಸರ ವಿಷಯ ಎಂದರೆ ಅಮ್ಮಣ್ಣಿಯ ವಿಷಯ ಎಂದರ್ಥ. ಈ ಮನೆಯಲ್ಲಿ ನಾನು ಯಾವ ಜಾತಿಗೆ ಸೇರಿದವಳು ಎಂದು ಯಾರೂ ನಿರ್ಧರಿಸಿಲ್ಲ.

ನಮ್ಮ ಜಗಳ ಮುಗಿಯುವುದನ್ನೇ ಕಾಯುತ್ತಿದ್ದ ಪಕ್ಕದ ಮನೆ ಬಸವಲಿಂಗಮ್ಮ ಕಾಂಪೌಂಡಿನ ಮೇಲಿಂದ ತಲೆ ಹಾಕಿ, ಕೂಸಿಗೆ ಬಜೆ ತೇದು ನೆಕ್ಕಿಸಿದ್ದೀರಾ ಎಂದು ವಿಚಾರಿಸಿದಳು. ಕಾಂಪೌಂಡನ್ನು ಎರಡಡಿ ಎತ್ತರಿಸಲು ತಮ್ಮನಿಗೆ ಹೇಳಬೇಕು.

ಜನವರಿ ೨೯, ಶನಿವಾರ

ಬರೆಯಲು ಮನಸ್ಸಿಲ್ಲ. ಮಗುವಿನ ಅಳು ನಿಂತಿದೆ. ಅಳದಿರುವುದು ಅಳುವುದಕ್ಕಿಂತ ಕೆಟ್ಟದು ಎಂದು ನನಗೇಕೆ ಅನಿಸಬೇಕು?

ಫೆಬ್ರವರಿ ೧, ಮಂಗಳವಾರ

ಸ್ಟಾಫ್ ರೂಮಿನಲ್ಲಿ ಭೂಗೋಳದ ನಾರಾಯಣಮ್ಮನವರನ್ನು ಕೇಳಿದೆ: ಇದೇನು ಹವೆ, ಒಂದೇ ದಿನದಲ್ಲಿ ಎರಡು ಊರು? ಅವರು ಎದ್ದು ಬೋರ್ಡಿನ ಹತ್ತಿರ ಹೋಗದೆ ಕೂತಲ್ಲಿಂದಲೇ ಹೇಳಿದ್ದು ಅಪರೂಪ. ನೆಲ ಒದ್ದೆಯಿದ್ದರೆ ಬಿಸಿಲಿನ ಬಹುಪಾಲು ಆ ಒದ್ದೆಯನ್ನು ಆರಿಸುವುದರಲ್ಲೇ ಖರ್ಚಾಗುತ್ತದೆ, ಒಣನೆಲಕ್ಕೆ ಕಾಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ರಾತ್ರಿ ಮೋಡವಿದ್ದರೆ, ಗಾಳಿಯಲ್ಲಿ ತೇವವಿದ್ದರೆ ಆ ಕಾವು ಹೋಗದಂತೆ ಹೊದಿಕೆ. ಮೋಡವಿಲ್ಲದಿದ್ದರೆ ಕಾವು ನೇರ ಆಕಾಶಕ್ಕೆ. ಮಳೆ ಕಮ್ಮಿಯಾದ ವರ್ಷ ಹಗಲಿಗೂ ರಾತ್ರಿಗೂ ನಡುವಿನ ಅಂತರ ಅಗಲವಾಗುತ್ತದೆ. ಅಷ್ಟೇ, ಎಂದು ಚಹಾ ಕುಡಿದರು.

ಅಷ್ಟೇ. ಇಷ್ಟು ತಿಳಿದ ಹೆಂಗಸು ಈ ಊರಿನಲ್ಲಿದ್ದಾಳೆ, ನಮ್ಮ ಮನೆಯಲ್ಲಿ ಕಿಟಕಿಗೆ ಸೀರೆ ತುರುಕಿದ್ದಾರೆ. ನಾನು ಇದನ್ನು ಅಮ್ಮಣ್ಣಿಗೆ ಹೇಳಿದರೆ ನಾರಾಯಣಮ್ಮನವರಿಗೆ ಎಷ್ಟು ಮಕ್ಕಳು ಎಂದು ಕೇಳುತ್ತಾಳೆ. ಅವರಿಗೂ ಮಕ್ಕಳಿಲ್ಲ.

ಫೆಬ್ರವರಿ ೩, ಗುರುವಾರ



ಅಮ್ಮಣ್ಣಿ ಅಡುಗೆಮನೆಯಲ್ಲಿದ್ದಾಗ ಪಂಕಜಳಿಗೆ ಟವೆಲ್ ಕೊಡಲು ಬಚ್ಚಲಿಗೆ ಹೋದೆ. ಹುಡುಗಿ ಹಂಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಸ್ನಾನದ ಬಿಸಿನೀರನ್ನು ಚೊಂಬಿನಲ್ಲಿ ಮೊಗೆದು ಗಟಗಟ ಕುಡಿಯುತ್ತಿದ್ದಳು. ನನ್ನನ್ನು ನೋಡಿ ಚೊಂಬು ಕೆಳಗಿಟ್ಟಳು, ಕದ್ದು ಸಿಕ್ಕಿಬಿದ್ದವಳ ಹಾಗೆ.

“ಅಮ್ಮಂಗೆ ಹೇಳ್ಬೇಡಿ ಅತ್ತೆ. ಊಟದ ಜೊತೆ ಒಂದು ಲೋಟ ಜೀರಿಗೆ ನೀರು, ಅಷ್ಟೇ ಕೊಡೋದು. ಜಾಸ್ತಿ ಕುಡಿದ್ರೆ ಹೊಟ್ಟೆ ಬರುತ್ತಂತೆ, ಕೂಸಿಗೆ ಶೀತ ಆಗುತ್ತಂತೆ. ನಂಗೆ ಹಗಲೆಲ್ಲ ನಾಲಿಗೆ ಒಣಗತ್ತೆ.”

“ಹಾಲು?”

ಅವಳು ಇಲ್ಲವೆಂದು ತಲೆಯಾಡಿಸಿ ಟವೆಲಿಗೆ ಕೈ ಚಾಚಿದಳು.

ಆಮೇಲೆ ಹೋಗಿ ತೊಟ್ಟಿಲು ನೋಡಿದೆ. ನನಗೆ ಮಕ್ಕಳ ವಿಷಯ ತಿಳಿಯದು, ತಿಳಿಯಬೇಕೆಂದು ಆಸೆಪಟ್ಟವಳೂ ಅಲ್ಲ. ಆದರೆ ಬೆಳಿಗ್ಗೆ ಹಾಸಿದ ಬಟ್ಟೆ ಸಂಜೆಯವರೆಗೆ ಒದ್ದೆಯೇ ಆಗಿಲ್ಲವೆಂದರೆ ಏನರ್ಥ ಎಂದು ತಿಳಿಯಲು ಹೆತ್ತಿರಬೇಕಾಗಿಲ್ಲ. ಹಣೆ ಮುಟ್ಟಿದರೆ ಬಿಸಿ. ನೆತ್ತಿಯ ಮೆತ್ತನೆಯ ಜಾಗ ಗುಳಿ ಬಿದ್ದಿತ್ತು. ಕೆರೆ ಬತ್ತಿತು, ಬಾವಿ ಬತ್ತಿತು, ಈಗ ಇದು.

ಅಮ್ಮಣ್ಣಿಗೆ ತೋರಿಸಿದೆ. ಶೀತಕ್ಕೆ ಬಂದ ಜ್ವರ ಎಂದಳು, ಇನ್ನೊಂದು ಫ್ಲಾನಲ್ ತಂದಳು. ನಾನು ಆಡಬಾರದ ಮಾತು ಆಡಿದೆ. ಅವಳೂ ಆಡಿದಳು.

ಇವತ್ತಿನಿಂದ ನನ್ನ ಹೂಜಿಯ ನೀರನ್ನು ಸೆರಗಿನಲ್ಲಿ ಮರೆಮಾಡಿ ಪಂಕಜಳಿಗೆ ಕೊಡುತ್ತಿದ್ದೇನೆ. ನಲವತ್ತೆಂಟನೆಯ ವಯಸ್ಸಿನಲ್ಲಿ, ನಮ್ಮದೇ ಮನೆಯಲ್ಲಿ, ನೀರಿನ ಕಳ್ಳತನ.

ಫೆಬ್ರವರಿ ೫, ಶನಿವಾರ

ಗೆದ್ದೆ. ಅಮ್ಮಣ್ಣಿ ಮಧ್ಯಾಹ್ನ ಅರಿಶಿನ ಕುಂಕುಮಕ್ಕೆ ಹೋದಳು. ನಾನು ಕಿಟಕಿಯ ಸಂದಿಯ ಬಟ್ಟೆಯನ್ನೆಲ್ಲ ಕಿತ್ತೆ. ಒಂದೊಂದಾಗಿ, ಹಲ್ಲು ಕಚ್ಚಿಕೊಂಡು. ಕಿಟಕಿ ತೆಗೆದೆ, ಬಾಗಿಲು ತೆಗೆದೆ, ಮಗುವಿನ ಫ್ಲಾನಲ್ ಬಿಚ್ಚಿದೆ. ಅದು ಕೈಕಾಲು ಚಾಚಿ ಒಮ್ಮೆ ನಿಟ್ಟುಸಿರು ಬಿಟ್ಟಿತು, ದೊಡ್ಡವರ ಹಾಗೆ. ಮಲಗಿತು. ಪಂಕಜಳೂ ಮಲಗಿದಳು. ನಾನು ಬೀಸಣಿಗೆ ಹಿಡಿದು ಬಹಳ ಹೊತ್ತು ಕೂತಿದ್ದೆ. ತಿದ್ದಬೇಕಾದ ಉತ್ತರಪತ್ರಿಕೆಗಳು ಹಾಗೇ ಉಳಿದವು.

ಅಮ್ಮಣ್ಣಿ ಬರುವ ಹೊತ್ತಿಗೆ ಕದಗಳನ್ನು ಎಳೆದು ಪರದೆ ಬಿಟ್ಟೆ, ಮಗುವಿಗೆ ಫ್ಲಾನಲ್ ಸಡಿಲವಾಗಿ ಸುತ್ತಿದೆ. ಬಟ್ಟೆ ಕಿತ್ತದ್ದು ಅವಳಿಗೆ ಕಾಣಲಿಲ್ಲ. ಕಾಣದಿರಲಿ.

ಫೆಬ್ರವರಿ ೭, ಸೋಮವಾರ

ನಿನ್ನೆ ಏನೂ ಬರೆಯಲಿಲ್ಲ. ಇವತ್ತು ಬರೆಯದಿದ್ದರೆ ನನ್ನ ತಲೆ ಒಡೆಯುತ್ತದೆ.

ಶನಿವಾರ ರಾತ್ರಿ ಹೊರಗೆ ಚೊಂಬಿನಲ್ಲಿಟ್ಟ ನೀರು ಮಂಜುಗಡ್ಡೆಯಾಗುವುದೊಂದು ಬಾಕಿ, ಅಂಥ ಚಳಿ. ಮೋಲ್ಡ್ ಕೋಣೆಯ ಗೋಡೆ ಸಂಜೆಯವರೆಗೂ ಕಾದಿತ್ತು, ಆದ್ದರಿಂದ ಮಲಗುವಾಗ ಯಾರಿಗೂ ಚಳಿಯ ಯೋಚನೆ ಬರಲಿಲ್ಲ. ಬೆಳಗಿನ ಜಾವಕ್ಕೆ ಆ ಮೋಲ್ಡ್ ತಣ್ಣಗಾಗಿ ಮೇಲಿಂದ ಚಳಿ ಇಳಿಸಿತು. ಬಟ್ಟೆಯಿಲ್ಲದ ಸಂದಿಗಳಿಂದ ಗಾಳಿ ಬಂತು. ಫ್ಲಾನಲ್ಲೂ ಸಡಿಲವಾಗಿತ್ತು. ನಾನೇ ಸಡಿಲಿಸಿದ್ದು. ಅಮ್ಮಣ್ಣಿ ಅಗ್ಗಿಷ್ಟಿಕೆ ಹಿಡಿದುಕೊಂಡು ಹೋದಾಗ ಮಗುವಿನ ತುಟಿ ನೀಲಿ. ಉಸಿರು ಸಿಳ್ಳೆ ಹಾಕುತ್ತಿತ್ತು.

ಅವಳು ಕೂಗಲಿಲ್ಲ. ಅದೇ ನನ್ನನ್ನು ಎಬ್ಬಿಸಿದ್ದು, ಅವಳು ಕೂಗದೆ ಓಡಾಡುತ್ತಿದ್ದ ಸದ್ದು. ಎದ್ದು ಹೋದರೆ, ಮಗುವನ್ನು ತನ್ನ ರವಿಕೆಯೊಳಗೆ, ಎದೆಗೆ ಅಂಟಿಸಿ ಮೇಲೆ ಸೆರಗು ಸುತ್ತಿಕೊಂಡು ಕೂತಿದ್ದಳು. ತಮ್ಮ ಜಟಕಾ ತರಲು ಓಡಿದ. ಬಸವನಗುಡಿಯ ಲೇಡಿ ಡಾಕ್ಟರು ಮಲಗುವ ಸೀರೆಯಲ್ಲೇ ಬಾಗಿಲು ತೆಗೆದರು. ಪರೀಕ್ಷೆ ಮಾಡಿದರು, ಸೂಜಿ ಚುಚ್ಚಿದರು, ನಮ್ಮಿಬ್ಬರನ್ನೂ ಒಟ್ಟಿಗೆ ಬೈದರು. ಹಗಲು ಬೇಯಿಸಿದ್ದೀರಿ, ರಾತ್ರಿ ನಡುಗಿಸಿದ್ದೀರಿ, ಹದಿನೈದು ಇಪ್ಪತ್ತು ದಿನದ ಕೂಸು ಎಷ್ಟನ್ನು ತಡೆದುಕೊಳ್ಳಬೇಕು? ತಾಯಿಗೆ ನೀರು ಕೊಡಿ, ಕೇಳಿದಷ್ಟು ಕೊಡಿ. ಎರಡು ದಿನ ಏನನ್ನೂ ಹೇಳಲಾರೆ.

ವಾಪಸು ಬರುತ್ತಾ ಜಟಕಾದಲ್ಲಿ ನಾನೇ ಹೇಳಿದೆ, ಸಂದಿಯ ಬಟ್ಟೆ ಕಿತ್ತವಳು ನಾನು ಎಂದು. ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ನೀರಿನ ವಿಷಯ ಎತ್ತುತ್ತಿದ್ದೆ, ಮಾತು ಸಿದ್ಧವಿತ್ತು. ಅವಳು ಬೀದಿ ನೋಡುತ್ತಾ ಹೇಳಿದಳು:

“ನನ್ನ ಮೊದಲನೇದು ಹೋಯ್ತಲ್ಲ ಅತ್ತಿಗೆ, ಆ ವರ್ಷಾನೂ ಮಳೆ ಇರ್ಲಿಲ್ಲ. ಹಗಲೆಲ್ಲ ಬೇಗೆ, ತಡೀಲಾರ್ದೆ ನಾನೇ ಕಿಟಕಿ ತೆಗೆಸಿದ್ದೆ. ಬೆಳಗಿನ ಜಾವ ಎದ್ದು ಮುಟ್ತೀನಿ, ಕೂಸಿನ ಕೈ ಹಿತ್ತಾಳೆ ಚೊಂಬಿನ ಹಾಗಿತ್ತು.”

ಆಗ ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ಮಗು ಹೋಯಿತು ಎಂದಷ್ಟೇ ಸುದ್ದಿ ಬಂದಿತ್ತು. ಹೇಗೆ ಹೋಯಿತು ಎಂದು ಯಾರೂ ಹೇಳಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಹೇಳಲಿಲ್ಲವಲ್ಲ ಎಂದು ಅವಳ ಮೇಲೆ ಸಿಟ್ಟು ಬಂತು. ಕೇಳದವರಿಗೆ ಹೇಳುವುದು ಹೇಗೆ ಎಂದು ಅವಳು ಅನ್ನಬಹುದಿತ್ತು. ಅನ್ನಲಿಲ್ಲ.

ಫೆಬ್ರವರಿ ೮, ಮಂಗಳವಾರ

ಮಗು ಹಾಲು ಕುಡಿಯಲಿಲ್ಲ.

ಫೆಬ್ರವರಿ ೯, ಬುಧವಾರ

ಬೆಳಿಗ್ಗೆ ಕುಡಿದಳು, ಕಕ್ಕಿದಳು. ಸಂಜೆ ಕುಡಿದಳು. ಕಕ್ಕಲಿಲ್ಲ.

ಕಾಲೇಜಿಗೆ ರಜಾ ಬರೆದು ಕಳಿಸಿದೆ. ಕಾರಣ ಎಂಬ ಕಡೆ ಏನು ಬರೆಯುವುದೆಂದು ತಿಳಿಯದೆ ‘ಮನೆಯಲ್ಲಿ ಮಗು’ ಎಂದು ಬರೆದೆ. ಪ್ರಿನ್ಸಿಪಾಲರು ಏನಾದರೂ ಅಂದುಕೊಳ್ಳಲಿ.

ಫೆಬ್ರವರಿ ೧೦, ಗುರುವಾರ

ಬೆಳಿಗ್ಗೆಯಿಂದ ಧೂಳು. ಪುಸ್ತಕಗಳನ್ನೆಲ್ಲ ನಡುಮನೆಗೆ ಸಾಗಿಸಿದೆ. ತನ್ನ ಈಸಿಚೇರಿಗೆ ಜಾಗವಿಲ್ಲ ಎಂದು ತಮ್ಮ ಗೊಣಗಿದ. ಈಸಿಚೇರನ್ನು ಹೊತ್ತುಕೊಂಡು ಹೋಗಿ ನಿನ್ನ ಮೋಲ್ಡ್ ಮೇಲೆ ಹಾಕಿಕೋ, ಅಲ್ಲಿಂದ ಊರೆಲ್ಲ ಕಾಣುತ್ತದೆ ಎಂದೆ. ಅಮ್ಮಣ್ಣಿ ಸೆರಗು ಬಾಯಿಗೆ ಇಟ್ಟುಕೊಂಡಳು.

ಬಾಣಂತಿ, ಮಗು ಇನ್ನು ಹಗಲು ನನ್ನ ಕೋಣೆಯಲ್ಲಿ, ಹೊಂಗೆ ನೆರಳಿಗೆ ಕಿಟಕಿ ತೆರೆದು, ತೆಳು ಬಟ್ಟೆಯಲ್ಲಿ. ಸಂಜೆ ದೀಪ ಹಚ್ಚಿದ ಕೂಡಲೆ ಮೋಲ್ಡ್ ಕೋಣೆಗೆ. ಹಗಲು ಕಾದ ಕಾವು ಅಲ್ಲಿ ಅರ್ಧ ರಾತ್ರಿಯವರೆಗೂ ಇರುತ್ತದೆ, ಆಮೇಲೆ ಅಮ್ಮಣ್ಣಿಯ ಅಗ್ಗಿಷ್ಟಿಕೆ, ಸಂದಿಗೆ ಬಟ್ಟೆ. ಹಗಲು ನನ್ನದು, ರಾತ್ರಿ ಅವಳದು. ಇದನ್ನು ಯಾರು ಮೊದಲು ಹೇಳಿದರು ಎಂಬುದಕ್ಕೂ ಒಂದು ವಾದವಾಯಿತು. ನಾನು ಹೇಳಿದ್ದು.

ಕೋಣೆ ಹೋಯಿತು. ಭಾಷಣಕ್ಕೆ ಬೇಕಾದ ಟಿಪ್ಪಣಿ ಯಾವ ರಾಶಿಯಡಿ ಇದೆಯೋ ದೇವರೇ ಬಲ್ಲ. ಬಹಳ ಸಿಟ್ಟು ಬಂದಿದೆ.

ಫೆಬ್ರವರಿ ೧೪, ಸೋಮವಾರ

ಒಪ್ಪಿಸುವ ಹೊತ್ತಿನಲ್ಲಿ ದಿನವೂ ರಗಳೆ. ಬಿಸಿಲು ಮೆಟ್ಟಿಲು ಮುಟ್ಟುವವರೆಗೂ ಅವಳು ಮಗುವನ್ನು ಕೊಡುವುದಿಲ್ಲ. ಸಂಜೆ ಗಾಳಿ ಇನ್ನೂ ಬೆಚ್ಚಗಿರುವಾಗಲೇ ಬಂದು ಕೈ ಚಾಚುತ್ತಾಳೆ. ನಾನು ಇನ್ನೂ ಹೊತ್ತಿದೆ ಎನ್ನುತ್ತೇನೆ. ಅವಳು ಅಂಗಳದ ಕಲ್ಲಿಗೆ ಬರಿಗಾಲು ಒತ್ತಿ, ಕಾವು ಇಳಿಯಿತು, ಕೊಡಿ ಎನ್ನುತ್ತಾಳೆ. ಹೊರಗೆ ಹೋಗಿ ನಾನೂ ಕಾಲಿಟ್ಟು ನೋಡುತ್ತೇನೆ. ಕೆಲವು ದಿನ ಅವಳ ಮಾತು ಸರಿ.

ಮಧ್ಯಾಹ್ನ ಅವಳೂ ನನ್ನ ಕೋಣೆಗೇ ಬಂದು ಕೂರುತ್ತಾಳೆ, ರಾತ್ರಿ ನಿದ್ದೆಗೆಟ್ಟದ್ದನ್ನು ಅಲ್ಲಿ ತೂಕಡಿಸುತ್ತಾಳೆ. ಇವತ್ತು ಖಾಲಿ ಬೀರು ನೋಡಿ ಕೇಳಿದಳು:

“ಇಷ್ಟೊಂದು ಪುಸ್ತಕ ಇಟ್ಕೊಂಡಿದ್ರಲ್ಲ ಅತ್ತಿಗೆ, ಕೂಸಿಗೆ ಎಷ್ಟು ಹೊದಿಸ್ಬೇಕು ಅಂತ ಒಂದ್ರಲ್ಲೂ ಬರೆದಿಲ್ವಾ?”

“ಬರೆದೋರೆಲ್ಲ ಗಂಡಸರು ಕಣೆ.”

ಪಂಕಜ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡಳು. ಈಗ ಚೊಂಬು ಅವಳ ಪಕ್ಕದಲ್ಲೇ ಇರುತ್ತದೆ, ಎಲ್ಲರಿಗೂ ಕಾಣುವ ಹಾಗೆ. ಹಾಲು ಮೊದಲಿಗಿಂತ ಮೇಲು.

ಫೆಬ್ರವರಿ ೧೯, ಶನಿವಾರ

ಶಿವರಾತ್ರಿ ಕಳೆಯಿತು. ಚಳಿ ಹೋಗಬೇಕಿತ್ತು. ಹೋಗಿಲ್ಲ. ಬಿಸಿಲು ಬರಬಾರದಿತ್ತು. ಬಂದಿದೆ. ಆಕಾಶವನ್ನು ನೋಡಿದರೆ ಮೈ ಉರಿಯುತ್ತದೆ, ನಾಚಿಕೆಯಿಲ್ಲದ ನೀಲಿ. ಇನ್ನೆಷ್ಟು ಮನೆಗಳಲ್ಲಿ ಎಷ್ಟು ಕೂಸುಗಳು ಹೀಗೆ ಹಗಲು ಬೇಯುತ್ತಿವೆಯೋ, ಬೆಳಗಿನ ಜಾವ ನಡುಗುತ್ತಿವೆಯೋ. ಎರಡು ಕೋಣೆಯಿಲ್ಲದವರು ಏನು ಮಾಡುತ್ತಾರೆ? ಪೇಪರಿನಲ್ಲಿ ಅಕ್ಕಿಯ ಸುದ್ದಿ ಬರುತ್ತದೆ, ಜೋಳದ ಸುದ್ದಿ ಬರುತ್ತದೆ. ತೊಟ್ಟಿಲಿನ ಸುದ್ದಿ ಯಾರೂ ಹಾಕುವುದಿಲ್ಲ.

ಋತುಗಳ ಭಾಷಣವನ್ನು ಮುಂದಕ್ಕೆ ಹಾಕಿದರು. ಟಿಪ್ಪಣಿ ಸಿಕ್ಕಿತು. ಓದಿದರೆ ಎಲ್ಲ ಕಡೆ ವಸಂತ, ಕೋಗಿಲೆ, ಮಾವಿನ ಚಿಗುರು. ಮುಚ್ಚಿಟ್ಟೆ.

ಇವಳು ಮಧ್ಯಾಹ್ನ ನನ್ನ ತೊಡೆಯ ಮೇಲೆ ಮಲಗಿದ್ದು ಹೊಸ ಇಳಕಲ್ ಸೀರೆಯನ್ನು ಪೂರ್ತಿ ತೋಯಿಸಿದಳು. ಒಗೆಯಲು ನಲ್ಲಿಯಲ್ಲಿ ನೀರಿಲ್ಲ. ಊರಿಗೆಲ್ಲ ಬರ, ಇವಳೊಬ್ಬಳಿಗಿಲ್ಲ. ಅಮ್ಮಣ್ಣಿಯನ್ನು ಕೂಗಿ ಕರೆದು ತೋರಿಸಿದೆ. ಇಬ್ಬರೂ ಆ ಒದ್ದೆ ಸೀರೆಯನ್ನು ಮುಟ್ಟಿ ಮುಟ್ಟಿ ನೋಡಿದೆವು. ನೆತ್ತಿಯ ಗುಳಿಯೂ ತುಂಬಿಕೊಂಡಿದೆ.

ಫೆಬ್ರವರಿ ೨೬, ಶನಿವಾರ

ಈ ವಾರ ಬರೆಯುವಂಥದ್ದೇನೂ ನಡೆಯಲಿಲ್ಲ. ಹವೆ ಹಾಗೇ ಇದೆ. ಡಾಕ್ಟರು ಮಗುವಿನ ತೂಕ ನೋಡಿ ಪರವಾಗಿಲ್ಲವೆಂದು ತಲೆಯಾಡಿಸಿದರು. ಅಮ್ಮಣ್ಣಿಗೆ ಎರಡು ದಿನದಿಂದ ಗಂಟಲು ಕಟ್ಟಿದೆ, ಬೆಳಗಿನ ಜಾವದ ಅಗ್ಗಿಷ್ಟಿಕೆಯನ್ನು ನಾನು ಹಾಕಿದೆ. ಅವಳು ಹಾಸಿಗೆಯಿಂದಲೇ, ಕೆಂಡ ಸಾಕು, ಬೂದಿ ಮುಚ್ಚಿ ಎಂದು ಕೈಸನ್ನೆ ಮಾಡಿದಳು. ಬೂದಿ ಮುಚ್ಚಿದೆ. ನಡುಮನೆಯಲ್ಲಿ ಪುಸ್ತಕಗಳು ಇನ್ನೂ ರಾಶಿಯಾಗಿಯೇ ಇವೆ, ಜೋಡಿಸಲು ಪುರಸೊತ್ತಿಲ್ಲ.

ಸಂಜೆ ಇವಳನ್ನು ಮೋಲ್ಡ್ ಕೋಣೆಗೆ ಒಪ್ಪಿಸಿ ಬರುವಷ್ಟರಲ್ಲಿ ಯಾರೋ ಮುಂಬಾಗಿಲು ತಟ್ಟಿದರು. ಪಕ್ಕದ ಮನೆ ಬಸವಲಿಂಗಮ್ಮ. ಎಂದೂ ಕಾಂಪೌಂಡಿನ ಮೇಲಿಂದಲೇ ಮಾತಾಡುವವಳು ಚಪ್ಪಲಿ ಬಿಟ್ಟು ಹೊಸ್ತಿಲಿಗೆ ಬಂದು ನಿಂತಿದ್ದಳು, ಕೈಯಲ್ಲಿ ಏನೂ ಇರಲಿಲ್ಲ. ಒಳಗೆ ಬನ್ನಿ ಎಂದೆ. ಬರಲಿಲ್ಲ. ನನ್ನ ಮುಖವನ್ನು ಒಂದು ಕ್ಷಣ ನೋಡಿ, ದನಿ ತಗ್ಗಿಸಿ ಕೇಳಿದಳು:

“ಮೇಡಂ, ಈ ವಾರವೆಲ್ಲ ನಿಮ್ಮಿಬ್ಬರ ಜಗಳಾನೇ ಕೇಳಿಸ್ಲಿಲ್ಲ. ಅದಕ್ಕೇ ಹೆದ್ರಿಕೆಯಾಗಿ ಬಂದೆ. ಕೂಸು ಹುಷಾರಾಗಿದೆ ತಾನೆ?”